ಪೋರ್ಟ್ರೇಟ್‌ನ ಕಪ್ಪು ಭಾಗ ಬೂದಿ ಬಳಿದಂಗೆ ಮಂಕಾಗ್ತಿದ್ರೆ

ಅಜ್ಜನ ಆಯಿಲ್ ಪೋರ್ಟ್ರೇಟ್, ಬ್ಯಾಕ್‌ಗ್ರೌಂಡ್ ಪೂರ್ತಿ ಬರ್ನ್ಟ್ ಅಂಬರ್ (ಗಾಢ ಕಂದು) ಮತ್ತೆ ಅಲ್ಟ್ರಾಮರೀನ್ (ಗಾಢ ನೀಲಿ). ಹಸಿ ಇದ್ದಾಗ ಚೆನ್ನಾಗೇ ಕಾಣೋದು, ಒಣಗಿದ್ಮೇಲೆ ಪೇಟ ಹೊಳೀತಿದೆ ಆದ್ರೆ ಗದ್ದದ ಕೆಳಗಿನ ನೆರಳು ಮಾತ್ರ ಬೂದಿ ಬಳಿದಂಗೆ ಮಂಕು.

ಮೇಲಿಂದ ಇನ್ನೊಂದು ಕೋಟ್ ಕಪ್ಪು ಬಳಿದೆ, ಅದೇ ಕಥೆ. ಟರ್ಪೆಂಟೈನ್ ಜಾಸ್ತಿ ಹಾಕಿ ತೆಳು ಮಾಡಿದೆ, ಇನ್ನೂ ಹದಗೆಡ್ತು. ವಾರ್ನಿಷ್ ಹೊಡಿಯೋಣ ಅಂದ್ರೆ ಚಿತ್ರಾನೇ ಮುಗಿದಿಲ್ಲ.

ವಿಷ್ಯ ಏನಂದ್ರೆ, ಕೆಳಗಿನ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೂ ಮೊದ್ಲು ಬಳಿಯೋ ಬಿಳಿ ಪ್ರೈಮರ್) ಮತ್ತೆ ಬರೀ ಟರ್ಪೆಂಟೈನಲ್ಲಿ ಬಳಿದ ಮೊದಲ ಕೋಟ್ ಎರಡೂ ಮೇಲಿನ ಎಣ್ಣೆ ಹೀರ್ತಿದ್ವು, ಅಂಬರ್ ಬೇರೆ ಮೊದ್ಲೇ ಮಂಕಾಗೋ ಬಣ್ಣ.

ಮಾಡಿದ್ದು ಇಷ್ಟು: ಬೆರಳಿಗೆ ಬಣ್ಣ ಅಂಟದಷ್ಟು ಒಣಗೋಕೆ ಬಿಟ್ಟೆ. ಲಿನ್ಸೀಡ್ ಆಯಿಲ್ (ಅಗಸೆ ಎಣ್ಣೆ) ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು ಬೆರೆಸಿ ಹಳೇ ಪಂಚೆ ತುಂಡಲ್ಲಿ ಮಂಕಾದ ಜಾಗಕ್ಕಷ್ಟೇ ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು ಒಣ ಬಟ್ಟೇಲಿ ಪೂರ್ತಿ ಒರೆಸಿದೆ. ಈ ಒರೆಸೋದೇ ಮುಖ್ಯ, ಎಣ್ಣೆ ನಿಂತ್ರೆ ಮುಂದೆ ಹಳದಿ ತಿರುಗುತ್ತೆ. ನೆರಳಿನ ನಿಜವಾದ ಬಣ್ಣ ವಾಪಸ್ ಬಂತು, ನೋಡಿದ್ರೆ ನಾನು ಆಗ್ಲೇ ಸಿಕ್ಕಾಪಟ್ಟೆ ಕಪ್ಪು ಮಾಡ್ಬಿಟ್ಟಿದ್ದೆ. ಅದರ ಮೇಲೇ ಅವತ್ತೇ ಮುಂದಿನ ಕೋಟ್ ಹಾಕ್ದೆ, ಕೆಳಗಿನ ಕೋಟ್‌ಗಿಂತ ಎಣ್ಣೆ ಸ್ವಲ್ಪ ಜಾಸ್ತಿ ಇಟ್ಟು.

ಆ ಎಣ್ಣೆ ಬಟ್ಟೆ ಮುದ್ದೆ ಮಾಡಿ ಎಸೀಬೇಡಿ, ತಾನಾಗೇ ಬೆಂಕಿ ಹತ್ಕೊಳ್ಳಬಹುದು, ನೀರಲ್ಲಿ ನೆನೆಸಿಡಿ.