ಆಗುಂಬೆಯ ಮಳೆಗೆ ಒಗ್ಗುವ ಫಿಲ್ಟರ್, ಮಂಡಗದ್ದೆಗೆ ಒಗ್ಗುವ ಸೈಲೆನ್ಸರ್

ಕಾರಿನ ವೇಗದ ಮೇಲೆ ಮೋಹವಿರುವವರು ಮೊದಲು ಕೈ ಹಾಕುವುದು ಏರ್ ಫಿಲ್ಟರ್ ಮತ್ತು ಸೈಲೆನ್ಸರಿಗೆ. ಎರಡನ್ನೂ ಸುಲಭವಾಗಿ ಬಿಚ್ಚಬಹುದು, ಬದಲಾವಣೆಯೂ ಕಿವಿಗೆ ತಕ್ಷಣ ಕೇಳಿಸುತ್ತದೆ. ಆದರೆ ಅಂಗಡಿಯವರು ಹೇಳುವ ಲೆಕ್ಕಗಳಲ್ಲಿ ನಮ್ಮ ಮಳೆಗೆ ಜಾಗವಿಲ್ಲ. ನನ್ನ ಕಾರು ಹೆಚ್ಚಾಗಿ ಓಡುವುದು ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆಗೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರು ಅದು. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳು. ಬೇಸಿಗೆಯಲ್ಲಿ ತೋಟದ ದಾರಿಗಳ ಕೆಂಪು ಧೂಳು, ಮಳೆಗಾಲದಲ್ಲಿ ರಸ್ತೆಗೇ ಏರುವ ಹಳ್ಳದ ನೀರು. ಈ ಎರಡಕ್ಕೂ ಹೊಂದದ ಬಿಡಿಭಾಗ ಎಷ್ಟೇ ಹೆಸರು ಮಾಡಿದ್ದರೂ ನನಗೆ ಬೇಡವಾಗಿತ್ತು.

ಕಾರು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ತಿರುಚುಬಲ (ಟಾರ್ಕ್). ಟರ್ಬೊ ಎಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ, ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ. ಏನನ್ನೂ ಕೊಳ್ಳುವ ಮೊದಲು ಗಾಳಿ ನಿಜವಾಗಿ ಎಲ್ಲಿ ತಡೆಯುತ್ತಿದೆ ಎಂದು ಅಳೆಯಲು ಹೊರಟೆ. ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಕುಂಕುಮ ಕದಡಿದ ನೀರನ್ನು ಅರ್ಧ ತುಂಬಿಸಿದೆ. ಒಂದು ತುದಿಯನ್ನು ಫಿಲ್ಟರ್ ಡಬ್ಬಿಗೆ ಜೋಡಿಸಿ, ಇನ್ನೊಂದನ್ನು ತೆರೆದು ಬಿಟ್ಟೆ. ಪಕ್ಕದಲ್ಲಿ ಕುಳಿತ ತಮ್ಮ ಹಲಗೆ ಹಿಡಿದು ನೀರಿನ ಮಟ್ಟ ಓದುತ್ತಿದ್ದ, ನಾನು ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಿದ್ದೆ. ಪೈಪಿನ ಎರಡು ಕಡೆಯ ನೀರಿನ ಮಟ್ಟದ ನಡುವೆ 100 ಮಿ.ಮೀ. ಅಂತರ ಬಂದರೆ ಅದು ವಾತಾವರಣದ ಒತ್ತಡದ ಹೆಚ್ಚುಕಡಿಮೆ ಶೇ 1ರಷ್ಟು.

ಹೊಸ ಕಾಗದದ ಫಿಲ್ಟರ್ ಒಂದರಿಂದಲೇ ಆದ ಒತ್ತಡದ ಕುಸಿತ ಸುಮಾರು 70 ಮಿ.ಮೀ. ಫಿಲ್ಟರನ್ನೇ ಕಿತ್ತೆಸೆದರೂ ಎಂಜಿನ್‌ಗೆ ಶೇ 1ರಷ್ಟು ಹೆಚ್ಚುವರಿ ಗಾಳಿ ಸಿಗುವುದಿಲ್ಲ ಎಂದಾಯಿತು. ಬೇಸಿಗೆಯೆಲ್ಲ ಧೂಳು ಕುಡಿದ ಹಳೆಯ ಫಿಲ್ಟರ್ ಅದರ ಎರಡು ಪಟ್ಟಿಗೂ ಹೆಚ್ಚು ತಡೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತಡೆ ಇದ್ದದ್ದು ಫಿಲ್ಟರಿಗೂ ಮೊದಲು, ಗಾಳಿ ಒಳಹೋಗುವ ಮೂತಿ ಕೊಳವೆಯಲ್ಲಿ. ಅಲ್ಲಿ ಎಲೆಚೂರು ಮತ್ತು ಕೆಸರು ಕೂತಿತ್ತು. ಅದನ್ನು ಚೊಕ್ಕಟಗೊಳಿಸಿ, ಸಂದಿಗಳಿಗೆ ಫೋಮ್ ಪಟ್ಟಿ ಹಚ್ಚಿ ಮತ್ತೆ ಅಳೆದಾಗ ಕಂಡ ಸುಧಾರಣೆಯನ್ನು ಯಾವ ಫಿಲ್ಟರ್ ಬದಲಾವಣೆಯೂ ಕೊಡಲಿಲ್ಲ. ದುಡ್ಡು ಖರ್ಚಾಗುವ ಮೊದಲು ಇದೊಂದು ಕೆಲಸವನ್ನು ಎಲ್ಲರೂ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಾನೆಟ್ ಒಳಗೆ ಬೆತ್ತಲಾಗಿ ಕೂರುವ ಶಂಕುವಿನಾಕಾರದ ಫಿಲ್ಟರನ್ನು ನಾನು ಮೊದಲೇ ಕೈಬಿಟ್ಟೆ. ಅದು ಎಳೆಯುವುದು ಎಂಜಿನ್‌ನ ಬಿಸಿ ಗಾಳಿಯನ್ನು. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಕಾದರೆ ಸಾಂದ್ರತೆ ಸುಮಾರು ಶೇ 9ರಷ್ಟು ಇಳಿಯುತ್ತದೆ. ಘಾಟಿಯಲ್ಲಿ ಬಸ್ಸಿನ ಹಿಂದೆ ತೆವಳುವಾಗ ಬಾನೆಟ್ ಒಳಗೆ 60 ಡಿಗ್ರಿ ಎನ್ನುವುದು ದೊಡ್ಡ ಮಾತೇನಲ್ಲ. ತಿರುವಿನಿಂದ ಹೊರಬಂದು ಶಕ್ತಿ ಕೇಳುವ ಹೊತ್ತಿಗೆ ಎಂಜಿನ್‌ಗೆ ಸಿಗುವುದು ತೆಳ್ಳಗಾದ ಗಾಳಿ. ಟರ್ಬೊ ಹೆಚ್ಚು ದುಡಿದು ಅದನ್ನು ಸರಿದೂಗಿಸಲು ಹೋದರೆ ಬಿಸಿ ಇನ್ನೂ ಏರುತ್ತದೆ. ಬಂಪರಿನ ಹಿಂದೆ ಕೆಳಗೆ ಫಿಲ್ಟರ್ ಇಡುವ ಜೋಡಣೆಯಲ್ಲಿ ಗಾಳಿಯೇನೋ ತಣ್ಣಗಿರುತ್ತದೆ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದು ಅಪಾಯ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ಹೊಕ್ಕರೆ ಮೇಲೇರುವ ಪಿಸ್ಟನ್‌ಗೆ ದಾರಿಯಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಕೆಲಸ ಲಕ್ಷಕ್ಕೆ ಮುಟ್ಟುತ್ತದೆ. ಕಂಪನಿಯ ಡಬ್ಬಿ, ಕಂಪನಿಯ ಎತ್ತರ, ಇವೆರಡನ್ನೂ ಬದಲಾಯಿಸದಿರಲು ತೀರ್ಮಾನಿಸಿದೆ. ಡಬ್ಬಿಯ ತಳದಲ್ಲಿ ನೀರು ಹೊರಹೋಗುವ ರಂಧ್ರವಿದ್ದರೆ ಜೂನ್‌ಗೆ ಮೊದಲು ಕಡ್ಡಿ ಹಾಕಿ ನೋಡಿ, ಕಸ ಕಟ್ಟಿರುತ್ತದೆ.

ಅದೇ ಡಬ್ಬಿಯಲ್ಲಿ ಕೂರುವ ಚಪ್ಪಟೆ ಫಿಲ್ಟರುಗಳಲ್ಲಿ ಎಣ್ಣೆ ಹಚ್ಚುವ ಹತ್ತಿಯದ್ದು ಹೆಸರುವಾಸಿ. ತೊಳೆದು ಪೂರ್ತಿ ಒಣಗಿಸಿ ಎಣ್ಣೆ ಹಚ್ಚಬೇಕು. ಎಣ್ಣೆ ಹೆಚ್ಚಾದರೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಆ ಸೆನ್ಸರ್ ಮೇಲೆ ಪೊರೆ ಕಟ್ಟುತ್ತದೆ. ಇನ್ನು, ಆಷಾಢದಲ್ಲಿ ತೀರ್ಥಹಳ್ಳಿಯಲ್ಲಿ ಒಂದು ಪಂಚೆ ಒಣಗುವುದೇ ಕಷ್ಟವಿರುವಾಗ ಫಿಲ್ಟರ್ ಒಣಗುವುದೆಲ್ಲಿ? ಕಾಗದದ್ದು ಚೆನ್ನಾಗಿ ಸೋಸುತ್ತದೆ, ಆದರೆ ತೇವ ಹಿಡಿದಾಗ ಉಬ್ಬಿ ತಡೆ ಹೆಚ್ಚಿಸುತ್ತದೆ. ಕೊನೆಗೆ ಎಣ್ಣೆ ಬೇಡದ ಸಿಂಥೆಟಿಕ್ ಫಿಲ್ಟರ್ ಆರಿಸಿದೆ. ತೇವಕ್ಕೆ ಮೆತ್ತಗಾಗುವುದಿಲ್ಲ, ತೊಳೆಯಬಹುದು. ಅದು ಬೆಂಕಿಮನೆಯ ಅಟ್ಟದಲ್ಲಿ ಒಣಗುವಷ್ಟು ದಿನ ಹಾಕಿಕೊಳ್ಳಲು ಕಾಗದದ್ದೊಂದನ್ನು ಮನೆಯಲ್ಲಿಟ್ಟಿರುತ್ತೇನೆ. ಫಿಲ್ಟರಿನ ಮೊದಲ ಕೆಲಸ ಧೂಳು ತಡೆಯುವುದು. ಗಾಳಿ ಸಲೀಸಾಗಿ ಬರಲೆಂದು ಕಣ್ಣು ದೊಡ್ಡದಾದ ಫಿಲ್ಟರ್ ಹಾಕಿದರೆ ನುಣ್ಣನೆಯ ಕೆಂಪು ಮಣ್ಣು ಟರ್ಬೊದ ರೆಕ್ಕೆಗಳನ್ನೂ ಸಿಲಿಂಡರಿನ ಗೋಡೆಯನ್ನೂ ತಿನ್ನುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೆ ಅದರ ಆಚೆಯ ಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತೇನೆ. ಬಟ್ಟೆ ಕೆಂಪಾದರೆ ಆ ಫಿಲ್ಟರ್ ಕೆಲಸಕ್ಕೆ ಬಾರದು.

ಎಕ್ಸಾಸ್ಟ್, ಅಂದರೆ ಹೊಗೆ ಹೊರಹೋಗುವ ಕೊಳವೆಗಳ ವಿಷಯದಲ್ಲಿ ಕಾನೂನಿನಿಂದಲೇ ಆರಂಭಿಸಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಸೆಕ್ಷನ್‌ನಂತೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು. ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ ನೇರ ಪೈಪ್ ಹಾಕುವವರನ್ನು ನಾನು ಸ್ವಲ್ಪವೂ ಒಪ್ಪುವುದಿಲ್ಲ. ಆಗುಂಬೆ ಘಾಟಿ ಹಾದುಹೋಗುವುದು ಸೋಮೇಶ್ವರ ಅಭಯಾರಣ್ಯದೊಳಗೆ, ತೀರ್ಥಹಳ್ಳಿ ರಸ್ತೆ ಮಂಡಗದ್ದೆಯ ಪಕ್ಷಿಧಾಮದ ಮಗ್ಗುಲಿಗೇ ಇದೆ. ಅಲ್ಲಿ ಗುಡುಗುವ ಹಕ್ಕು ಯಾವ ಕಾರಿಗೂ ಇಲ್ಲ. ಕನ್ವರ್ಟರ್ ಮತ್ತು ಅದರ ಆಚೀಚೆಯ ಸೆನ್ಸರುಗಳು ಇದ್ದಲ್ಲೇ ಇರಬೇಕು, ಶಬ್ದ ಮೂಲ ಸೈಲೆನ್ಸರಿಗಿಂತ ಹೆಚ್ಚಬಾರದು ಎಂಬ ಎರಡು ಷರತ್ತು ಹಾಕಿಕೊಂಡೆ. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ಬದಲಿಸುವ ಹಂತಕ್ಕೆ ಬಂದಿತ್ತು, ಹಾಗಾಗಿ ಕನ್ವರ್ಟರಿನಿಂದ ಹಿಂದಿನ ಭಾಗವನ್ನಷ್ಟೇ ಮುಟ್ಟಿದೆ.

‘ಎಂಜಿನ್‌ಗೆ ಸ್ವಲ್ಪ ಹಿಮ್ಮುಖ ಒತ್ತಡ ಬೇಕು’ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ. ಹೊಗೆ ಹೊರಹೋಗುವುದಕ್ಕೆ ಎದುರಾಗುವ ತಡೆಯೇ ಈ ಒತ್ತಡ. ಆ ಮಾತು ಇಲ್ಲಿ ಸಲ್ಲದು, ಟರ್ಬೊದ ಆಚೆಗೆ ಒತ್ತಡ ಕಡಿಮೆಯಾದಷ್ಟೂ ಒಳ್ಳೆಯದೇ. ಹಾಗೆಂದು ಪೈಪ್ ಹಿಗ್ಗಿಸುತ್ತಾ ಹೋದರೆ ಕಾರಿನ ಹೊಟ್ಟೆ ಕೆಳಗೆ ಜೋಲುತ್ತದೆ, ಸದ್ದು ಏರುತ್ತದೆ. ಅಂಗಡಿಯವರು ಎರಡೂವರೆ ಇಂಚು ಎಂದರು. ಈ ಶಕ್ತಿಗೆ ಎರಡೂಕಾಲು ಸಾಕೆಂದು ನಾನು ಹೇಳಿದೆ. ಬಾಗು ಬರುವಲ್ಲಿ ಪೈಪ್ ಸುಕ್ಕುಗಟ್ಟಿದರೆ ಎರಡೂವರೆಯ ಪೈಪೂ ಎರಡಕ್ಕೆ ಇಳಿಯುತ್ತದೆ, ಆದ್ದರಿಂದ ಒಳಗಿನ ವ್ಯಾಸ ಕುಗ್ಗದಂತೆ ಬಾಗಿಸಿದ ತುಂಡುಗಳನ್ನೇ ಕೇಳಿ ಪಡೆದೆ.

ಲೋಹದ ವಿಷಯದಲ್ಲಿ ಕಣ್ಣು ತೆರೆಸಿದವರು ವೆಲ್ಡಿಂಗ್ ಮಾಡುವ ಹಿರಿಯರು. “ಸರ್, ಗೇಟಿಗೆ ಹಾಕುವ 202 ಪೈಪೂ ಹೀಗೇ ಹೊಳೆಯುತ್ತದೆ, ಅಯಸ್ಕಾಂತಕ್ಕೂ ಸಿಗುವುದಿಲ್ಲ. 304 ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ” ಎಂದರು. 304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ; 202ರಲ್ಲಿ ನಿಕ್ಕಲ್‌ನ ಒಂದಷ್ಟು ಜಾಗವನ್ನು ಮ್ಯಾಂಗನೀಸ್ ತುಂಬುತ್ತದೆ, ತುಕ್ಕು ಬೇಗ ಬರುತ್ತದೆ. ಇಲ್ಲಿನ ತೇವಕ್ಕೆ 304 ಬಿಟ್ಟು ಬೇರೆ ಮಾತಿಲ್ಲ.

ಸದ್ದನ್ನು ಪಳಗಿಸುವುದೇ ಹೆಚ್ಚು ತಲೆಕೆಡಿಸಿದ ಭಾಗ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟ. ನಿಮಿಷಕ್ಕೆ 2,400 ಸುತ್ತು ಎಂದರೆ ಸೆಕೆಂಡಿಗೆ 80. ಆ 80 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಕಾರಿನೊಳಗೆ ತುಂಬಿ ತಲೆ ಹಿಡಿದುಬಿಡುತ್ತದೆ. ಅದಕ್ಕೆ ಮದ್ದು, ಮುಖ್ಯ ಪೈಪಿನಿಂದ ಕವಲೊಡೆದ, ತುದಿ ಮುಚ್ಚಿದ ಒಂದು ಕುರುಡು ಕೊಳವೆ. ಅದರ ಉದ್ದ ತರಂಗದ ಕಾಲು ಭಾಗ ಇರಬೇಕು. ಬಿಸಿ ಹೊಗೆಯಲ್ಲಿ ಶಬ್ದ ಹೆಚ್ಚು ವೇಗವಾಗಿ ಹರಿಯುವುದರಿಂದ ಅದು ಒಂದೂವರೆ ಮೀಟರಿನ ಹತ್ತಿರ ಬಂತು. ಕೊಳವೆಯೊಳಗೆ ಹೋಗಿ ಮರಳುವ ತರಂಗ ಮೂಲ ತರಂಗಕ್ಕೆ ಎದುರಾಗಿ ಅದನ್ನು ಅಳಿಸುತ್ತದೆ. ಮಧ್ಯದಲ್ಲಿ ಸದ್ದು ತಗ್ಗಿಸುವ ಡಬ್ಬಿಯಾದ ರೆಸೊನೇಟರ್, ಹಿಂದೆ ದೊಡ್ಡ ಸೈಲೆನ್ಸರ್ ಕೂಡ ಸೇರಿದ ಮೇಲೆ ಮಂಡಗದ್ದೆಯ ಬಳಿ ಹೋಗುವಾಗ ಟೈರಿನ ಸದ್ದೇ ಮೊದಲು ಕೇಳಿಸುತ್ತದೆ.

ಸಿಕ್ಕಿದ್ದೇನು? 40ರಿಂದ 80 ಕಿ.ಮೀ. ವೇಗಕ್ಕೆ ಏರುವುದರಲ್ಲಿ ಸುಮಾರು ಕಾಲು ಸೆಕೆಂಡ್ ಉಳಿತಾಯ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು (ಇಸಿಯು) ಮುಟ್ಟದ ಟರ್ಬೊ ಕಾರಿನಲ್ಲಿ ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು, ಟರ್ಬೊ ಎಷ್ಟು ಒತ್ತಡ ಕೊಡಬೇಕೆಂದು ಅದೇ ನಿರ್ಧರಿಸುತ್ತದೆ. ಆದರೆ ಹಿಮ್ಮುರಿ ತಿರುವಿನಿಂದ ಹೊರಬರುವಾಗ ಟರ್ಬೊ ಎಚ್ಚರಗೊಳ್ಳುವುದು ಮೊದಲಿಗಿಂತ ಬೇಗ, ಘಾಟಿ ಹತ್ತುವವನಿಗೆ ಅದೇ ಬೇಕಾದದ್ದು. ಹೊಗೆ ತಪಾಸಣೆಯಲ್ಲಿ ಕಾರು ಮಿತಿಯೊಳಗೇ ಇದೆ. ಸೈಲೆನ್ಸರಿನ ತಳದಲ್ಲಿ ನೀರಿಳಿಯಲು ಒಂದು ಸಣ್ಣ ರಂಧ್ರ ಕೊರೆಸಿದ್ದೇನೆ, ತೂಗುಹಾಕುವ ರಬ್ಬರುಗಳನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುತ್ತೇನೆ.