ಹೊಸಬರಿಗೆ ಬೆಟ್ಟ ಆರಿಸುವ ನನ್ನ ‘ನಂದಿ ಲೆಕ್ಕ’

ಹೊಸಬರಿಗೆ ಯಾವ ಬೆಟ್ಟ ಸರಿ ಎಂದು ಕೇಳಿದರೆ ನಮ್ಮ ಚಾರಣದ ಗೆಳೆಯರಲ್ಲಿ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ನಾನು ಈಗ ಹೆಸರು ಹೇಳುವುದೇ ಇಲ್ಲ. ‘ಮೊದಲು ನಂದಿ ಮೆಟ್ಟಿಲು ಹತ್ತಿ ಇಳಿಯಿರಿ, ಎರಡು ದಿನ ಬಿಟ್ಟು ಫೋನ್ ಮಾಡಿ’ ಎನ್ನುತ್ತೇನೆ. ಇದಕ್ಕೆ ಗೆಳೆಯರು ತುಂಬಾ ದಿನ ನಕ್ಕರು. ಮೆಟ್ಟಿಲು ಹತ್ತುವುದಕ್ಕೂ ಕಾಡಿನ ದಾರಿಗೂ ಏನು ಸಂಬಂಧ ಎಂದರು. ಕಳೆದ ಚಳಿಗಾಲದಲ್ಲಿ ಒಂದು ಟಿಟಿ (ಟೆಂಪೋ ಟ್ರಾವೆಲರ್) ತುಂಬ ಹೊಸಬರು ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿ ಮುಟ್ಟಿ, ಸೋಮವಾರ ಎಲ್ಲರೂ ಕೆಲಸಕ್ಕೆ ಹೋದರು. ಅದರಲ್ಲಿ ಐವತ್ತು ದಾಟಿದ ನಮ್ಮ ಅತ್ತಿಗೆಯೂ ಇದ್ದರು. ಆಮೇಲೆ ಆ ಗೆಳೆಯರೇ ಲೆಕ್ಕ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ಸರಳ. ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟಕ್ಕೆ ಸುಮಾರು 1,200 ಹಳೇ ಕಲ್ಲಿನ ಮೆಟ್ಟಿಲುಗಳಿವೆ. ನಡುವಿನ ಇಳಿಜಾರು ದಾರಿಯನ್ನೂ ಸೇರಿಸಿ ನಾನು ಅದನ್ನು 350 ಮೀಟರ್ ಏರು ಎಂದು ಹಿಡಿಯುತ್ತೇನೆ. ಅದೇ ನನ್ನ ‘ಒಂದು ನಂದಿ’. ಉಳಿದ ಬೆಟ್ಟಗಳನ್ನೆಲ್ಲ ಇದರಲ್ಲೇ ಅಳೆಯುತ್ತೇನೆ. ಬೆಟ್ಟ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದು ಹೊಸಬರಿಗೆ ಬೇಕಿಲ್ಲ. ನಡೆಯಲು ಶುರು ಮಾಡುವ ಜಾಗದಿಂದ ತುದಿಗೆ ಎಷ್ಟು ಏರು, ವಾಪಸ್ ಎಷ್ಟು ಇಳಿಯಬೇಕು, ಅಷ್ಟೇ ಮುಖ್ಯ.

ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಬೆಟ್ಟ. ಆದರೆ ಸರ್ಪದಾರಿ ಎಂಬ ಕಾಲುದಾರಿಯ ಕಮಾನಿನ ಹತ್ತಿರ ರಸ್ತೆ ಬಿಟ್ಟು ನಡೆದರೆ ಏರು ಹೆಚ್ಚುಕಡಿಮೆ 400 ಮೀಟರ್ ಮಾತ್ರ. ಒಂದು ನಂದಿಗಿಂತ ಸ್ವಲ್ಪ ಜಾಸ್ತಿ. ಕುಮಾರ ಪರ್ವತ 1,712 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ಇನ್ನೂರು ಮೀಟರ್ ಗಿಡ್ಡ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಬರೀ 120 ಮೀಟರ್ ಆಸುಪಾಸಿನಲ್ಲಿ. ಏರು ಹತ್ತಿರ ಹತ್ತಿರ 1,600 ಆಗುತ್ತದೆ. ನಾಲ್ಕೂವರೆ ನಂದಿ! ಹೆಸರು ಮತ್ತು ಎತ್ತರ ನೋಡಿ ಆರಿಸಿದವರು ಇಲ್ಲೇ ಸೋಲುತ್ತಾರೆ.

ಈ ಲೆಕ್ಕಕ್ಕೆ ಬರುವ ಮೊದಲು ಬೇರೆ ದಾರಿಗಳನ್ನೆಲ್ಲ ನೋಡಿಯಾಗಿತ್ತು. ಸುಲಭ, ಮಧ್ಯಮ, ಕಷ್ಟ ಎಂದು ಬೇರೆಯವರು ಕೊಟ್ಟ ದರ್ಜೆಗಳನ್ನು ಕೆಲವು ಕಾಲ ನಂಬಿಕೊಂಡಿದ್ದೆವು. ಅವನ್ನು ಬರೆದವರೆಲ್ಲ ವಾರ ವಾರ ಬೆಟ್ಟ ಹತ್ತುವವರು. ಅವರ ‘ಸುಲಭ’ ಬೇರೆ, ಐದು ದಿನ ಕುರ್ಚಿಯಲ್ಲಿ ಕೂತು ಬಂದವರ ‘ಸುಲಭ’ ಬೇರೆ ಅಲ್ವಾ? ಆಮೇಲೆ ಕಿಲೋಮೀಟರ್ ಲೆಕ್ಕ ಹಿಡಿದೆವು. ದಾರಿ ಗಿಡ್ಡ ಇದ್ದರೆ ಸಾಕು ಎಂದು. ಸಾವನದುರ್ಗ ಆ ಲೆಕ್ಕವನ್ನು ಮುಗಿಸಿತು. ಅಲ್ಲಿ ದೂರವೇ ಇಲ್ಲ, ಆದರೆ ಇಡೀ ಬೆಟ್ಟ ಒಂದೇ ಬಂಡೆ. ಹತ್ತುವಾಗ ಎಲ್ಲರೂ ನಗುನಗುತ್ತಾ ಹತ್ತಿದರು. ಇಳಿಯುವಾಗ ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗಿ ಅರ್ಧದಲ್ಲಿ ಕೂತುಬಿಟ್ಟಳು. ಕೆಳಗೆ ನೋಡಿದರೆ ತಲೆ ತಿರುಗುತ್ತದೆ ಎಂದಳು. ಕೂತುಕೊಂಡೇ ಜಾರುತ್ತಾ ಇಳಿದು ಮುಗಿಸಲು ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಎತ್ತಿನಭುಜ ಬೆಟ್ಟದ ಕೊನೆಯ ಕಡಿದಾದ ಬಂಡೆಯಲ್ಲೂ ಕೆಲವರಿಗೆ ಹೀಗೇ ಆಗುತ್ತದೆ. ಅದಕ್ಕೇ ಈಗ ಏರು ಎಷ್ಟೇ ಕಡಿಮೆ ಇರಲಿ, ಬೋಳು ಬಂಡೆ ಇದ್ದರೆ ಮೊದಲ ಬೆಟ್ಟದ ಪಟ್ಟಿಯಿಂದ ತೆಗೆಯುತ್ತೇನೆ.

ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿ ತಯಾರಾದವರನ್ನೂ ನೋಡಿದ್ದೇನೆ. ದಿನಾ ಹತ್ತು ಮಹಡಿ ಹತ್ತುತ್ತಿದ್ದರು, ಇಳಿಯಲು ಲಿಫ್ಟ್. ಬೆಟ್ಟಕ್ಕೆ ಬಂದಾಗ ಉಸಿರು ಚೆನ್ನಾಗಿತ್ತು, ತೊಡೆ ಕೈಕೊಟ್ಟಿತು. ನನ್ನ ಲೆಕ್ಕದ ಜೀವಾಳ ಇರುವುದೇ ಇಲ್ಲಿ. ಇಳಿಯುವಾಗ ತೊಡೆಯ ಸ್ನಾಯು ಎಳೆಯಿಸಿಕೊಳ್ಳುತ್ತಲೇ ಬ್ರೇಕ್ ಹಾಕಬೇಕು. ಅಭ್ಯಾಸ ಇಲ್ಲದ ಕಾಲಿಗೆ ಆ ನೋವು ಅಂದೇ ಗೊತ್ತಾಗುವುದಿಲ್ಲ. ಮಾರನೇ ದಿನ ಶುರುವಾಗಿ, ಎರಡನೇ ದಿನ ಜೋರಾಗುತ್ತದೆ. ಆದ್ದರಿಂದಲೇ ಎರಡು ದಿನ ಬಿಟ್ಟು ಫೋನ್ ಮಾಡಿ ಎನ್ನುವುದು. ಇನ್ನೊಂದು ಲಾಭವೂ ಇದೆ. ಒಮ್ಮೆ ಚೆನ್ನಾಗಿ ಇಳಿದ ಕಾಲಿಗೆ ಮುಂದಿನ ಕೆಲವು ವಾರ ಅದೇ ಇಳಿಜಾರು ಅಷ್ಟು ನೋವು ಕೊಡುವುದಿಲ್ಲ. ಹಾಗಾಗಿ ನಂದಿ ನನಗೆ ಪರೀಕ್ಷೆಯೂ ಹೌದು, ಮದ್ದೂ ಹೌದು. ಬೆಟ್ಟಕ್ಕೆ ಎರಡು ಮೂರು ವಾರ ಇರುವಾಗ ಮಾಡಿಸುತ್ತೇನೆ. ಬೆನ್ನಿಗೆ ನಾಲ್ಕು ಲೀಟರ್ ನೀರಿನ ಬಾಟಲಿ ಇರಬೇಕು. ಮೇಲೆ ಹೋಗಿ ಬಸ್ ಹತ್ತಿ ವಾಪಸ್ ಬಂದರೆ ಲೆಕ್ಕಕ್ಕಿಲ್ಲ. ಮೆಟ್ಟಿಲಲ್ಲೇ ಇಳಿಯಬೇಕು.

ಎರಡನೇ ದಿನ ಮನೆಯ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿಯುವವರು ಎರಡು ನಂದಿಯಷ್ಟು ಏರಿನ ಬೆಟ್ಟಕ್ಕೆ, ಅಂದರೆ ತಡಿಯಂಡಮೋಳ್‌ನಂಥದ್ದಕ್ಕೆ ಸೈ. ಗೋಡೆ ಹಿಡಿದು ಇಳಿಯುವವರಿಗೆ ಒಂದು ನಂದಿ, ಅಂದರೆ ಸರ್ಪದಾರಿ. ಕೂತರೆ ಏಳಲು ಆಗುತ್ತಿಲ್ಲ ಎಂದವರು ಇನ್ನೊಮ್ಮೆ ನಂದಿಗೆ. ಇದಿಷ್ಟೇ ನಿಯಮ. ವಯಸ್ಸು, ತೂಕ, ಜಿಮ್ ಯಾವುದನ್ನೂ ಕೇಳುವುದಿಲ್ಲ. ಜಿಮ್ಮಿನ ಹುಡುಗರು ಗೋಡೆ ಹಿಡಿದದ್ದೂ ಇದೆ, ಗದ್ದೆ ಕೆಲಸ ಮಾಡಿ ಬೆಳೆದ ಅತ್ತಿಗೆ ಏನೂ ಆಗದವರಂತೆ ಓಡಾಡಿದ್ದೂ ಇದೆ.

ಸಮಯಕ್ಕೆ ಬೇರೆ ಲೆಕ್ಕ. ಸ್ಕಾಟ್ಲೆಂಡಿನ ಬೆಟ್ಟ ಹತ್ತುಗ ನೈಸ್ಮಿತ್ 1892ರಲ್ಲಿ ನಡಿಗೆಯ ಸಮಯ ಅಂದಾಜು ಮಾಡಲು ಒಂದು ಸೂತ್ರ ಕೊಟ್ಟರು. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ತಡಿಯಂಡಮೋಳ್‌ಗೆ ಹೋಗಿಬರುವುದು 14 ಕಿಲೋಮೀಟರ್, 700 ಮೀಟರ್ ಏರು ಎಂದು ಹಿಡಿದರೆ ನಾಲ್ಕು ಗಂಟೆ ಬರುತ್ತದೆ. ನಮ್ಮವರಿಗೆ ಏಳು ಹಿಡಿಯಿತು. ಫೋಟೋ, ಬುತ್ತಿ, ಸುಸ್ತು ಎಲ್ಲ ಸೇರಿ ಒಂದೂಮುಕ್ಕಾಲು ಪಟ್ಟು ಎಂದು ನನ್ನ ಹಳೇ ಟಿಪ್ಪಣಿಗಳೂ ಹೇಳುತ್ತಿದ್ದವು. ಅದೇ ಲೆಕ್ಕ ಕುಮಾರ ಪರ್ವತಕ್ಕೆ ಹಾಕಿ ನೋಡಿ. ಕುಕ್ಕೆಯಿಂದ ಹೋಗಿಬರಲು 26 ಕಿಲೋಮೀಟರ್. ಹೊಸಬರಿಗೆ ಹದಿನಾಲ್ಕು ಗಂಟೆ ಬೇಕು. ಡಿಸೆಂಬರ್‌ನಲ್ಲಿ ಬೆಳಕು ಇರುವುದೇ ಹನ್ನೊಂದೂವರೆ ಗಂಟೆ! ಇಷ್ಟಾದರೂ ‘ಒಮ್ಮೆ ಕೆಪಿ (ಕುಮಾರ ಪರ್ವತ) ಹತ್ತಿಸಿಬಿಡು, ಆಮೇಲೆ ಎಲ್ಲ ಬೆಟ್ಟ ಸುಲಭ’ ಎನ್ನುವ ಗೆಳೆಯರು ನನಗೆ ಇನ್ನೂ ಇದ್ದಾರೆ. ಅವರು ಕಟ್ಟಿದ ಒಂದು ಗುಂಪಿನಲ್ಲಿ ನಾನೂ ಹೋಗಿದ್ದೆ. ಅರ್ಧಕ್ಕಿಂತ ಜಾಸ್ತಿ ಜನ ದಾರಿಯ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆ ದಾಟಲಿಲ್ಲ. ತಲೆಗೆ ಮೂರು ಸಾವಿರ ಖರ್ಚು. ಕೆಲವರು ಅದಕ್ಕೆಂದೇ ಐದು ಸಾವಿರದ ಶೂ ಕೊಂಡಿದ್ದರು. ನನಗೆ ಗೊತ್ತಿರುವಂತೆ ಅವರಲ್ಲಿ ಹೆಚ್ಚಿನವರು ಆಮೇಲೆ ಬೆಟ್ಟದ ಮಾತೇ ಎತ್ತಿಲ್ಲ. ಅದು ನನಗೆ ನಿಜವಾಗಿ ಬೇಜಾರು. ಒಳ್ಳೆಯ ಮೊದಲ ಬೆಟ್ಟ ಸಿಕ್ಕಿದ್ದರೆ ಅವರಲ್ಲಿ ನಾಲ್ಕು ಜನವಾದರೂ ನಮ್ಮ ಜೊತೆ ಇರುತ್ತಿದ್ದರು.

ಏರಿನ ಅಂಕಿ ಎಲ್ಲಿಂದ ತೆಗೆಯುವುದು ಎಂದು ಕೇಳುತ್ತಾರೆ. ಫೋನಿನಲ್ಲಿ ದಾಖಲಾದ ಜಾಡುಗಳನ್ನು ಪೂರ್ತಿ ನಂಬಬೇಡಿ. ಮರದಡಿ ಸಿಗ್ನಲ್ ಕುಣಿದರೂ ಅದು ಏರು ಎಂದೇ ಕೂಡುತ್ತದೆ. ಒಂದೇ ದಾರಿಗೆ ಮೂವರ ಫೋನಿನಲ್ಲಿ ಮೂರು ಅಂಕಿ ಬಂದದ್ದಿದೆ. ನಾನು ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಎಣಿಸುತ್ತೇನೆ. ಒಂದು ರೇಖೆಯಿಂದ ಇನ್ನೊಂದಕ್ಕೆ 20 ಮೀಟರ್. ದಾರಿ ನಡುವೆ ಇಳಿದು ಮತ್ತೆ ಏರಿದರೆ ಅದನ್ನೂ ಕೂಡಬೇಕು. ವಾಪಸ್ ಬರುವಾಗ ಆ ತಗ್ಗೇ ಏರಾಗಿ ಕಾಡುತ್ತದೆ.

ಎರಡು ನಂದಿ ದಾರಿಗಳಲ್ಲಿ ನಾನು ತಡಿಯಂಡಮೋಳನ್ನೇ ಆರಿಸಿದ್ದಕ್ಕೆ ಕಾರಣ ಬರೀ ಏರಲ್ಲ. 1,748 ಮೀಟರ್ ಎತ್ತರದ ಈ ಬೆಟ್ಟಕ್ಕೆ ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯಿಂದ ಹೊರಡುತ್ತೇವೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು. ಅಲ್ಲಿಂದ ತೋಟಗಳ ನಡುವಿನ ರಸ್ತೆ, ಆಮೇಲೆ ಅಗಲವಾದ ಜೀಪು ಜಾಡು, ಆಮೇಲೆ ಹುಲ್ಲುಗಾವಲು. ಕಡಿದಾದ ಏರು ಬರುವುದು ಕೊನೆಯಲ್ಲಿ, ಅದರಲ್ಲೂ ಒಂದು ಭಾಗ ಶೋಲಾ ಎಂಬ ದಟ್ಟ ಕಾಡಿನ ನೆರಳಿನಲ್ಲಿ. ನಡುವಿನ ದೊಡ್ಡ ಬಂಡೆಯ ಹತ್ತಿರ ಕೂತರೂ ನೋಟ ಚೆನ್ನಾಗಿದೆ. ಅಲ್ಲಿಂದ ವಾಪಸ್ ಹೋದವರಿಗೂ ಏನೋ ನೋಡಿದೆವು ಎಂಬ ತೃಪ್ತಿ ಇರುತ್ತದೆ. ಹೊಸಬರ ದಾರಿಗೆ ಇಂಥ ನಿಲ್ದಾಣ ಎರಡಾದರೂ ಬೇಕು ಎಂಬುದು ನನ್ನ ಹಟ. ಸರ್ಪದಾರಿಯಲ್ಲಿ ನೆರಳಿಲ್ಲ, ಗಾಳಿ ಜೋರು. ಆದರೆ ಮುಳ್ಳಯ್ಯನ ಗುಡಿಯ ಕೆಳಗಿನವರೆಗೆ ರಸ್ತೆ ಬರುತ್ತದೆ. ಯಾರಿಗಾದರೂ ಆಗದಿದ್ದರೆ ಗಾಡಿಯಲ್ಲಿ ಇಳಿಸಬಹುದು. ಹೊಸಬರನ್ನು ರಾಜ್ಯದ ಅತಿ ಎತ್ತರಕ್ಕೆ ಕರೆದೊಯ್ಯುತ್ತೀಯಾ ಎಂದು ಬೈದವರು ಈ ಸೌಕರ್ಯವನ್ನು ಯೋಚಿಸಿಯೇ ಇರಲಿಲ್ಲ.

ದುಡ್ಡಿನ ವಿಷಯ. ಬೆಂಗಳೂರಿನಿಂದ ಮೈಸೂರು, ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ದಾರಿಯಲ್ಲಿ ಕಕ್ಕಬ್ಬೆಗೆ ಹೋಗಿಬರಲು ಸುತ್ತಾಟ ಸೇರಿ 580 ಕಿಲೋಮೀಟರ್ ಆಯಿತು. ಟಿಟಿಗೆ ಕಿಲೋಮೀಟರಿಗೆ 22 ರೂಪಾಯಿ ಲೆಕ್ಕ. ಡ್ರೈವರ್ ಬಾಟಾ, ಟೋಲ್ ಎಲ್ಲ ಸೇರಿ ಹದಿನೈದು ಸಾವಿರ ದಾಟಿತು. ಹೋಮ್‌ಸ್ಟೇಗೆ ಊಟ ಸೇರಿ ತಲೆಗೆ 1,600. ಒಟ್ಟು ಒಬ್ಬರಿಗೆ ಮೂರು ಸಾವಿರದ ಇನ್ನೂರು ಮುನ್ನೂರು. ನಂದಿ ಪರೀಕ್ಷೆಗೆ ಇನ್ನೂರು ಮುನ್ನೂರು ಬೇರೆ. ಆ ಇನ್ನೂರು ಉಳಿಸಲು ಹೋಗಿ ಮೂರು ಸಾವಿರ ಕಳೆಯಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಮುಂಗಡದ ಬಗ್ಗೆಯೂ ಜಾಗ್ರತೆ. ಬೇಸಿಗೆ ಶುರುವಾದರೆ ಕಾಳ್ಗಿಚ್ಚಿನ ಭಯಕ್ಕೆ ಕಾಡಿನ ದಾರಿಗಳನ್ನು ಮುಚ್ಚುತ್ತಾರೆ. ಒಮ್ಮೆ ಹಾಗೆ ಮುಚ್ಚಿದಾಗ ಒಂದು ಹೋಮ್‌ಸ್ಟೇಯವರು ನಮ್ಮ ಆರು ಸಾವಿರ ಮುಂಗಡ ಕೊಡಲೇ ಇಲ್ಲ. ಈಗ ದಾರಿ ಮುಚ್ಚಿದರೆ ವಾಪಸ್ ಎಂದು ವಾಟ್ಸಾಪ್‌ನಲ್ಲಿ ಬರೆಸಿಕೊಂಡೇ ದುಡ್ಡು ಕಳಿಸುತ್ತೇನೆ. ಶೂಗೆ ಹೊಸಬರಿಂದ ಸಾವಿರದ ಇನ್ನೂರಕ್ಕಿಂತ ಜಾಸ್ತಿ ಖರ್ಚು ಮಾಡಿಸುವುದಿಲ್ಲ. ಬೆರಳಿನ ಮುಂದೆ ಅರ್ಧ ಇಂಚು ಜಾಗ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ.

ನಡುವೆ ಇಂಬಳದ (ಜಿಗಣೆಯ) ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಮಳೆ ನಿಂತ ಮೇಲೂ ನವೆಂಬರ್ ತನಕ ಮಲೆನಾಡಿನ ತೇವದ ಜಾಡಿನಲ್ಲಿ ಅವು ಇದ್ದೇ ಇರುತ್ತವೆ. ಹೊಸಬರು ಏರಿಗಿಂತ ಇಂಬಳಕ್ಕೇ ಹೆದರುತ್ತಾರೆ. ಅವು ಹತ್ತದಂತೆ ಒಬ್ಬೊಬ್ಬರ ಕಾಲಿಗೆ ಒಂದೊಂದು ಮದ್ದು ಹಚ್ಚಿ ನೋಡಿದೆ. ಬರೀ ಉಪ್ಪು ಮೊದಲ ಹಳ್ಳದಲ್ಲೇ ಕರಗಿ ಹೋಯಿತು. ಸುಣ್ಣ ಮತ್ತು ಹೊಗೆಸೊಪ್ಪು ಚೆನ್ನಾಗಿ ತಡೆಯಿತು, ಆದರೆ ಚರ್ಮ ಉರಿಯಿತು. ನಶ್ಯವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕಾಲುಚೀಲದ ಮೇಲೆ ಹಚ್ಚಿದ್ದು ಒಂದೂವರೆ ಗಂಟೆಯಷ್ಟು ಬಾಳಿತು. ಈಗ ಅದೇ ನಮ್ಮ ಗುಂಪಿನ ಮದ್ದು. ಅದರಲ್ಲಿ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಮಾತ್ರ ಜೊತೆಗೆ ಬಂದವರಿಗೇ ಹೇಳುವುದು. ಬಿದಿರಿನ ಕೋಲಿನ ಪ್ರಯೋಗವೂ ಗೆದ್ದಿತು. ನಲವತ್ತು ರೂಪಾಯಿಯ ಕೋಲು, ಎದೆಮಟ್ಟ ಉದ್ದ. ಇಳಿಯುವಾಗ ಮೊದಲು ಕೋಲು, ಆಮೇಲೆ ಕಾಲು. ಮಂಡಿ ನೋವಿನ ದೂರು ಅರ್ಧ ಕಡಿಮೆಯಾಯಿತು.

ನಂದಿಗೂ ಮೊದಲು ಮಕ್ಕಳನ್ನು ಕರೆದೊಯ್ಯುವ ಒಂದು ಗುಡ್ಡ ನನಗಿದೆ. ಮುಕ್ಕಾಲು ನಂದಿ, ಪೂರ್ತಿ ನೆರಳು. ಅದರ ಹೆಸರು ಇಲ್ಲಿ ಹಾಕುವುದಿಲ್ಲ. ಭಾನುವಾರ ಮುನ್ನೂರು ಜನ ಬಂದರೆ ಅಲ್ಲಿನ ಪುಟ್ಟ ಊರು ತಡೆಯಲಾರದು.

ಈಗ ತಡಿಯಂಡಮೋಳ್ ಮುಗಿಸಿದವರು ಕುದುರೆಮುಖ ಎನ್ನುತ್ತಿದ್ದಾರೆ. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ಅದು ಎರಡೂಮುಕ್ಕಾಲು ನಂದಿ, ಹೋಗಿಬರಲು ಇಪ್ಪತ್ತು ಕಿಲೋಮೀಟರ್ ಹತ್ತಿರ. ನನ್ನ ಲೆಕ್ಕದಲ್ಲಿ ಹತ್ತು ಗಂಟೆ. ಬೆಳಗ್ಗೆ ಆರೂವರೆಗೆ ಹೆಜ್ಜೆ ಇಟ್ಟರೆ ನಾಲ್ಕೂವರೆಗೆ ವಾಪಸ್, ಅಂದರೆ ಕತ್ತಲಿಗೆ ಒಂದೂವರೆ ಗಂಟೆ ಉಳಿತಾಯ. ಅದಕ್ಕಿಂತ ತಡವಾಗಿ ಹೊರಡುವ ಗುಂಪಿಗೆ ನಾನು ಬರುವುದಿಲ್ಲ ಎಂದಿದ್ದೇನೆ. ಎರಡು ನಂದಿ ಪರೀಕ್ಷೆ ಬೇಕು, ಒಂದೇ ದಿನ ಎರಡು ಸಲ ಹತ್ತಿ ಇಳಿಯಬೇಕು ಎಂದೂ ಹೇಳಿದ್ದೇನೆ. ಅತ್ತಿಗೆ ಆಗಲೇ ಮುಗಿಸಿದ್ದಾರೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಮೊದಲು ಆನ್‌ಲೈನ್‌ನಲ್ಲಿ ಟಿಕೆಟ್, ಆಮೇಲೆ ಹೋಮ್‌ಸ್ಟೇ, ಕೊನೆಗೆ ಗಾಡಿ ಮತ್ತು ಮುಳ್ಳೋಡಿಯ ಜೀಪು. ಈ ಕ್ರಮ ತಪ್ಪಿಸಬೇಡಿ. ಟಿಕೆಟ್‌ನಲ್ಲಿರುವ ಹೆಸರಿನ ಗುರುತಿನ ಚೀಟಿಯನ್ನು ಪ್ರತಿಯೊಬ್ಬರೂ ಕೈಯಲ್ಲಿ ಇಟ್ಟುಕೊಂಡಿರಿ.