ತಡಮೆ, ರಸಮಟ್ಟ ಮತ್ತು ನನ್ನ ಬಗ್ಗಿ

ನಮ್ಮ ತೀರ್ಥಹಳ್ಳಿ ಕಡೆ ತೋಟದ ಬೇಲಿಗೆ ತಡಮೆ ಇರುತ್ತದೆ. ಮನುಷ್ಯರು ಕಾಲೆತ್ತಿ ದಾಟಬಹುದು, ದನ ದಾಟಲಾರದು. ಮೂರನೇ ವರ್ಷಕ್ಕೆ ಪೋಲಿಯೊ ಬಂದು ಎಡಗಾಲು ಸೋತಿದ್ದ ನಾನು ಆ ಲೆಕ್ಕದಲ್ಲಿ ದನದ ಪಂಗಡ. ತಡಮೆ ಬಂದಾಗಲೆಲ್ಲ ಅಪ್ಪಯ್ಯ ಎತ್ತಿ ಆಚೆ ಇಳಿಸುತ್ತಿದ್ದರು. ಈಗ ಮನೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ, ಫಾರೆಸ್ಟ್ ಆಫ್ ಡೀನ್ ಕಾಡಿನ ಅಂಚಿಗೆ. ಇಲ್ಲಿಯೂ ತಡಮೆ ಬಿಟ್ಟಿಲ್ಲ. ಹೆಸರು ಮಾತ್ರ ಕಿಸ್ಸಿಂಗ್ ಗೇಟ್.

ಐವತ್ತರ ಹೊತ್ತಿಗೆ ಒಳ್ಳೆಯ ಕಾಲೂ ಮುಷ್ಕರ ಹೂಡಿತು. ಆಗ ಕೊಂಡದ್ದು ಈ ಬಗ್ಗಿ, ನಡೆಯಲಾರದವರು ಕೂತು ಓಡಿಸುವ ಗಾಡಿ: ಗಾಳಿ ತುಂಬಿದ ನಾಲ್ಕು ದಪ್ಪ ಚಕ್ರ, ಸೀಟಿನ ಕೆಳಗೆ ಬ್ಯಾಟರಿ. ಲಿವರ್ ಬಿಟ್ಟರೆ ತಾನೇ ಬ್ರೇಕ್ ಹಿಡಿದು ನಿಲ್ಲುತ್ತದೆ. ಲೈಸೆನ್ಸ್ ಬೇಡ. ರಸ್ತೆಯಲ್ಲಿ ಗಂಟೆಗೆ 8 ಮೈಲಿ, ಫುಟ್‌ಪಾತಿನಲ್ಲಿ 4 ಮೈಲಿ ಮೀರುವಂತಿಲ್ಲ. ಕಾಡಿನೊಳಗೆ 2 ಮೈಲಿಯೇ ನನಗೆ ಧಾರಾಳ.

ಮೊದಲ ಪಾಠ ಒಂದು ನವೆಂಬರ್‌ನಲ್ಲಿ ಆಯಿತು. ಬೇರೊಂದು ಕಾಡು, ಯಾವುದೆಂದು ಹೇಳುವುದಿಲ್ಲ. ಬಾಗಿಲಲ್ಲಿ ಬೋರ್ಡು: 'ಸುಲಭ ದಾರಿ'. ಬೀಚ್ ಮರಗಳ ಎಲೆ ಉದುರಿ ದಾರಿ ತುಂಬ ತಾಮ್ರದ ಬಣ್ಣ. ಒಂದೂವರೆ ಕಿಲೋಮೀಟರ್ ಖುಷಿಯಾಗಿ ಹೋದೆ. ಕೊನೆಗೆ ಕಿಸ್ಸಿಂಗ್ ಗೇಟ್. ನಡೆಯುವವರು ಅದರ ಪುಟ್ಟ ಪಂಜರದೊಳಗೆ ಹೊಕ್ಕು, ಬಾಗಿಲನ್ನು ಇತ್ತಲಿಂದ ಅತ್ತ ದೂಡಿ, ಆಚೆ ಹೊರಬೀಳುತ್ತಾರೆ. ನನ್ನ ಬಗ್ಗಿಯ ಅಗಲ 80 ಸೆಂಟಿಮೀಟರ್, ಉದ್ದ ಅದರ ಎರಡರಷ್ಟು. ಮುಂದಿನ ಚಕ್ರ ಒಳಗೆ, ಹಿಂದಿನದು ಹೊರಗೆ, ಬಾಗಿಲು ನನ್ನ ಮೊಣಕಾಲಿಗೆ. ತಿರುಗಿಸಲು ಜಾಗವಿಲ್ಲ. ಬೀಪ್ ಬೀಪ್ ಎನ್ನುತ್ತ ಇನ್ನೂರು ಮೀಟರ್ ಹಿಂದಕ್ಕೇ ಬಂದೆ, ಕತ್ತು ಹೊರಳಿಸಿಕೊಂಡು.

'ಸುಲಭ' ಯಾರಿಗೆ, ಎಷ್ಟು? ಬೋರ್ಡಿನ ಮೇಲೆ ನನಗೆ ಬೇಕಾದದ್ದು ಅಳತೆ. ಅಂದಿನಿಂದ ನಾನೇ ಅಳೆಯಲು ಹೊರಟೆ.

ಸಾಮಾನು ಇಷ್ಟೇ: ಒಂದು ಮೀಟರಿನ ನೇರ ಪಟ್ಟಿ, ಗಾರೆಯವರ ರಸಮಟ್ಟ, ಟೇಪು, ಒಂದು ನೋಟ್‌ಬುಕ್. ಬಗ್ಗುವ ಕೆಲಸ ನನ್ನವರದು. ಪಟ್ಟಿಯ ಒಂದು ತುದಿಯನ್ನು ಏರಿನ ಮೇಲ್ಬದಿಗೆ ಊರಿ, ಇನ್ನೊಂದನ್ನು ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಎತ್ತುತ್ತಾರೆ. ಆ ತುದಿಯಿಂದ ನೆಲಕ್ಕೆ ಎಷ್ಟು ಎಂದು ಟೇಪು ಹೇಳುತ್ತದೆ. 5 ಸೆಂಟಿಮೀಟರ್ ಬಂದರೆ ಇಪ್ಪತ್ತಕ್ಕೆ ಒಂದರ ಏರು, ಕೈಯಿಂದ ತಳ್ಳುವ ಗಾಲಿಕುರ್ಚಿಗೂ ನಡೆಯುತ್ತದೆ. 8 ದಾಟಿದರೆ ಹನ್ನೆರಡಕ್ಕೆ ಒಂದು. ಗಾಲಿಕುರ್ಚಿಯವರಿಗೆ ಕಷ್ಟ, ಬಗ್ಗಿಗೆ ಏನೂ ಅಲ್ಲ.

ಬಗ್ಗಿಗೆ ಹೆದರಿಕೆ ಬೇರೆ ಕಡೆ, ಅಡ್ಡ ಇಳಿಜಾರಿನಲ್ಲಿ. ಗುಡ್ಡದ ಪಕ್ಕೆಯಲ್ಲಿ ಹೋಗುವ ದಾರಿ ಕಣಿವೆಯ ಕಡೆ ವಾಲಿರುತ್ತದೆ. ಪಟ್ಟಿಯನ್ನು ಅಡ್ಡ ಇಟ್ಟಾಗ 2–3 ಸೆಂಟಿಮೀಟರ್ ಆದರೆ ಗೊತ್ತೇ ಆಗುವುದಿಲ್ಲ. 10 ಬಂದ ಕಡೆ ಅಂಡು ಸೀಟಿನಿಂದ ಜಾರತೊಡಗಿ, ಗಾಡಿ ಬದುವಿನ ಮೇಲೆ ಹತ್ತಿದ ಎತ್ತಿನಗಾಡಿಯಂತೆ ವಾಲುತ್ತದೆ. ನಮ್ಮ ಗುಂಪಿನಲ್ಲಿ ಹಿಂದೆ ಕಲ್ಲಿದ್ದಲ ಗಣಿಯಲ್ಲಿದ್ದ ಅಜ್ಜನೊಬ್ಬನಿದ್ದಾನೆ, ಅವನದೂ ಬಗ್ಗಿ. "ಏರನ್ನು ಎದುರಿಗೇ ಹತ್ತು ಮಗಾ, ಓರೆಯಾಗಿ ಮಾತ್ರ ಹತ್ತಬೇಡ" ಅಂದ. ಇಷ್ಟು ದಿನ ನಾನು ಮಾಡಿದ್ದು ತದ್ವಿರುದ್ಧ.

ಡೀನ್‌ನಲ್ಲಿ ನಮಗೆ ಒದಗಿದ ಭಾಗ್ಯ ಹಳೇ ರೈಲು ಹಳಿಯ ಜಾಡು. ಸೆವರ್ನ್ ಅಂಡ್ ವೈ ಕಂಪನಿಯ ರೈಲು ಕಲ್ಲಿದ್ದಲು ಹೊತ್ತ ಹಾದಿ ಈಗ ಸೈಕಲ್ ದಾರಿ. ಉಗಿಬಂಡಿಗೆ ಕಡಿದಾದ ಏರು ಆಗದು, ಹಾಗಾಗಿ ಆ ಕಾಲದ ಇಂಜಿನಿಯರುಗಳು ನನಗೂ ಸೇರಿಸಿಯೇ ಮಟ್ಟ ಮಾಡಿಟ್ಟಂತಾಗಿದೆ. ಅಂಚಿನ ಹುಲ್ಲನ್ನು ಮಾತ್ರ ನಂಬಬೇಡಿ. ಇಲ್ಲಿ ಕಾಡುಹಂದಿಗಳಿವೆ, ರಾತ್ರಿಯೆಲ್ಲ ಮೂತಿ ಹಾಕಿ ಬಗೆದಿರುತ್ತವೆ, ಥೇಟು ನಮ್ಮೂರ ಗೆಣಸಿನ ಪಟ್ಟಿ. ಎದುರಿನಿಂದ ಸೈಕಲ್ ಬಂದರೆ ಪಕ್ಕಕ್ಕೆ ಸರಿಯಲು ನೆಲವೇ ಇರುವುದಿಲ್ಲ.

ಬ್ಯಾಟರಿಯ ವಿಷಯ: ಏರನ್ನು ಹೋಗುವಾಗಲೇ ಮುಗಿಸಿಕೊಳ್ಳಿ, ಬರುವಾಗ ಇಳಿಜಾರಿರಲಿ. ಚಳಿಗಾಲದಲ್ಲಿ ಚಾರ್ಜು ಬೇಗ ಇಳಿಯುತ್ತದೆ, ಮುಳ್ಳು ಅರ್ಧಕ್ಕೆ ಬರುವ ಮೊದಲೇ ನಾನು ತಿರುಗುತ್ತೇನೆ.

ಆ ಗೇಟಿನ ಕತೆ ಹೇಳಿ ಮುಗಿಸುತ್ತೇನೆ. ಆ ಕಾಡು ನೋಡಿಕೊಳ್ಳುವವರಿಗೆ ಸಿಟ್ಟಿನ ಪತ್ರ ಬರೆದು ಹರಿದುಹಾಕಿದೆ. ಬದಲಿಗೆ ಗೇಟಿನ ಅಳತೆ, ಬಗ್ಗಿಯ ಅಳತೆ, ಫೋಟೊ ಕಳಿಸಿದೆ. ಜೊತೆಗೆ ಬಿಎಸ್ 5709 ಎಂಬ ಬ್ರಿಟಿಷ್ ಮಾನದಂಡದ ಸಾರ: ಮೊದಲು ಬರೀ ಕಂಡಿ ಸಾಕೇ ನೋಡು, ಸಾಲದಿದ್ದರೆ ಗೇಟು, ಅದೂ ಆಗದಿದ್ದರೆ ಕಿಸ್ಸಿಂಗ್ ಗೇಟು. ಪಕ್ಕದ ಹೊಲದಲ್ಲಿ ಕುರಿಗಳಿದ್ದವು, ಕಂಡಿ ಬಿಡಲಾಗಲಿಲ್ಲ. ಹನ್ನೊಂದು ತಿಂಗಳಾದ ಮೇಲೆ ದೊಡ್ಡ ಗೇಟು ಬಂತು. ನಡೆಯುವವರಿಗೆ ಎಂದಿನಂತೆ, ನಮ್ಮಂಥವರು ಬೀಗ ತೆಗೆದರೆ ಪೂರ್ತಿ ತೆರೆದುಕೊಳ್ಳುತ್ತದೆ. ಕೀಲಿ ರಾಡಾರ್ ಕೀಲಿಯೇ. ಅಂಗವಿಕಲರ ಶೌಚಾಲಯಗಳಿಗೆಂದು 1981ರಲ್ಲಿ ಶುರುವಾದ ಒಂದೇ ಕೀಲಿಯ ವ್ಯವಸ್ಥೆ ಅದು.

ಕೀಲಿ ತಿರುಗಿಸಿ ಆಚೆ ಹೋದೆ. ಬ್ಲೂಬೆಲ್ ಹೂವಿನ ಜಾಗ ಅದು ಅನ್ನುತ್ತಾರೆ. ಅಕ್ಟೋಬರ್ ಆದ್ದರಿಂದ ಬರೀ ಎಲೆ, ಕೆಸರು. ಮೇ ತಿಂಗಳಿಗೆ ಮತ್ತೆ ಹೋಗಬೇಕು, ಪಟ್ಟಿ ಟೇಪು ಮನೆಯಲ್ಲಿಟ್ಟು.